‘ಒಡಕಲು ಬಿಂಬ’: ಯಂತ್ರವನ್ನು ಮರೆತ ಓದು

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ (2005) ನಾಟಕವನ್ನು ಕುರಿತ ಚರ್ಚೆ ಹೆಚ್ಚಾಗಿ ಎರಡು ನೆಲೆಗಳಲ್ಲಿ ನಡೆದಿದೆ. ಕನ್ನಡದ ಲೇಖಕಿಯೊಬ್ಬಳಿಗೆ ಇಂಗ್ಲಿಷ್ ತಂದುಕೊಡುವ ಹಣ, ಕೀರ್ತಿಗಳ ಪ್ರಶ್ನೆ ಒಂದು. ತಂಗಿಯ ಬಗೆಗಿನ ಅಸೂಯೆ, ಪಾಪಪ್ರಜ್ಞೆಗಳ ಮನೋವೈಜ್ಞಾನಿಕ ವಿಶ್ಲೇಷಣೆ ಇನ್ನೊಂದು. ಎರಡೂ ಅಗತ್ಯವಾದ ಓದುಗಳೇ. ಆದರೆ ಎರಡರಲ್ಲಿಯೂ ನಾಟಕದ ಇನ್ನೊಂದು ಪಾತ್ರವೇ ಆದ ಟೆಲಿವಿಷನ್ ಬಹುಮಟ್ಟಿಗೆ ಮರೆಯಾಗಿದೆ. ಈ ನಾಟಕವನ್ನು ವಿಜ್ಞಾನ ಕಥನವಾಗಿಯೂ ಓದಬೇಕೆಂಬುದು ಪ್ರಸ್ತುತ ಲೇಖನದ ವಾದ.

ಮಂಜುಳಾ ನಾಯಕ್ ತನ್ನ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಟೆಲಿಚಿತ್ರದ ಪ್ರಸಾರಕ್ಕೆ ಮುನ್ನ ಸ್ಟುಡಿಯೋದಲ್ಲಿ ಪೀಠಿಕೆಯ ಮಾತುಗಳನ್ನಾಡುತ್ತಾಳೆ. ಮುಗಿಸಿ ಹೊರಡುವಾಗ ತೆರೆಯ ಮೇಲಿನ ಅವಳದೇ ಬಿಂಬ ಆರದೆ ಉಳಿದು ಅವಳನ್ನು ಮಾತಿಗೆಳೆಯುತ್ತದೆ. ಗಂಡ ಪ್ರಮೋದ, ಅಂಗವೈಕಲ್ಯದಲ್ಲಿಯೇ ಬದುಕಿ ತೀರಿಕೊಂಡ ತಂಗಿ ಮಾಲಿನಿ ಇವರನ್ನು ಕುರಿತು ಒಂದೊಂದೇ ಪ್ರಶ್ನೆ ಕೇಳುತ್ತ, ಕಾದಂಬರಿಯನ್ನು ಬರೆದವಳು ಮಾಲಿನಿ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ಕೊನೆಗೆ ತಾನೇ ಮಾಲಿನಿ ಎಂದು ಸಾರುತ್ತದೆ.

ಈ ಬಿಂಬವನ್ನು ಅಂತಃಸಾಕ್ಷಿಯೆಂದೋ ಭ್ರಮೆಯೆಂದೋ ವಿವರಿಸಿಬಿಡುವುದು ಸುಲಭ. ಆದರೆ ಕಾರ್ನಾಡರದೇ ‘ನಾಗಮಂಡಲ’ದಲ್ಲಿ (1988) ದೀಪದ ಕುಡಿಗಳು ಮಾತನಾಡುತ್ತವೆ, ನಾಗ ಗಂಡನ ರೂಪ ತಾಳಿ ಬರುತ್ತದೆ. ರಾಣಿಗೆ ನಿಜ ಯಾವುದು, ಕನಸು ಯಾವುದು ಎಂಬ ಗೊಂದಲವಿದ್ದರೂ ನಾಗನನ್ನು ಕೇವಲ ಅವಳ ಮನಸ್ಸಿನ ಸೃಷ್ಟಿಯೆಂದು ನಾವು ತಳ್ಳಿಹಾಕುವುದಿಲ್ಲ. ಜನಪದದ ಹಾವಿಗೆ ಒಪ್ಪಿಸಿದ ಸತ್ಯವನ್ನು ಯಂತ್ರದ ಬಿಂಬಕ್ಕೆ ನಿರಾಕರಿಸುವುದೇಕೆ? ರಾಜಶೇಖರ ಭೂಸನೂರಮಠರಂಥವರು ಬರೆದ ವಿಜ್ಞಾನ ಕಥನವನ್ನು ಜನಪ್ರಿಯ ಸಾಹಿತ್ಯವೆಂದು ಬದಿಗಿಟ್ಟ ನಮ್ಮ ವಿಮರ್ಶೆಯ ಅಭ್ಯಾಸವೂ ಇದಕ್ಕೆ ಕಾರಣವೆಂದು ತೋರುತ್ತದೆ.

ಬಿಂಬ ಮಾತನಾಡುವುದಕ್ಕೆ ನಾಟಕದಲ್ಲಿ ವೈಜ್ಞಾನಿಕ ಕಾರಣವಿಲ್ಲ, ಆದ್ದರಿಂದ ಇದು ವಿಜ್ಞಾನ ಕಥನವಲ್ಲ ಎಂಬ ಆಕ್ಷೇಪ ಸಹಜ. ಆದರೆ ಈ ಪ್ರಕಾರದ ಜೀವಾಳ ವಿವರಣೆಯಲ್ಲಿಲ್ಲ. ಯಂತ್ರವಿಲ್ಲದೆ ಹುಟ್ಟಲಾರದ ಪ್ರಶ್ನೆಯಲ್ಲಿದೆ. ನನ್ನ ಮುಖ, ನನ್ನ ದನಿ ನನ್ನಿಂದ ಬೇರ್ಪಟ್ಟು ಬದುಕಬಲ್ಲವಾದರೆ ಅವುಗಳ ಒಡೆತನ ಯಾರದು? ಸಾಮಾನ್ಯವಾಗಿ ಇಂಥ ಕಥನಗಳಲ್ಲಿ ಯಂತ್ರ ವಂಚಿಸುತ್ತದೆ, ಮನುಷ್ಯ ವಾಸ್ತವದ ಹಿಡಿತ ಕಳೆದುಕೊಳ್ಳುತ್ತಾನೆ. ಇಲ್ಲಿ ಅದು ತಿರುವುಮುರುವಾಗಿದೆ. ಮಂಜುಳೆ ಕಳೆದುಕೊಳ್ಳುವುದು ತಾನೇ ಕಟ್ಟಿಕೊಂಡ ಸುಳ್ಳು ವಾಸ್ತವವನ್ನು. ಅದನ್ನು ಪ್ರಸಾರ ಮಾಡಬೇಕಾಗಿದ್ದ ಯಂತ್ರವೇ ಅದನ್ನು ಒಡೆಯುತ್ತದೆ. ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮದ ನಿರೂಪಕರಾಗಿ ಕ್ಯಾಮೆರಾದ ಮುಂದೆ ಕುಳಿತು ಬಲ್ಲ ಕಾರ್ನಾಡರಿಗೆ ಈ ಯಂತ್ರದ ಸ್ವಭಾವ ಅಪರಿಚಿತವಾಗಿರಲಿಲ್ಲ.

ರಂಗಪ್ರಯೋಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಶಂಕರ್ ನಾಗ್ ಅವರ ನೆನಪಿನಲ್ಲಿ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ, ಮರುವರ್ಷ ಈ ನಾಟಕ ರಂಗಕ್ಕೆ ಬಂದಾಗ ಮಂಜುಳೆಯಾದವರು ಅರುಂಧತಿ ನಾಗ್. ಬಿಂಬದ ಮಾತುಗಳು ಮೊದಲೇ ಚಿತ್ರೀಕರಣಗೊಂಡವು. ಪ್ರೇಕ್ಷಕರು ನಕ್ಕರೂ ನಟಿ ತಡವರಿಸಿದರೂ ಬಿಂಬ ಕಾಯುವುದಿಲ್ಲ. ಜೀವಂತ ನಟಿ ತನ್ನ ಉಸಿರನ್ನು ಮುದ್ರಿತ ನಟಿಯ ಲಯಕ್ಕೆ ಹೊಂದಿಸಲೇಬೇಕು. ಯಂತ್ರದ ಅಧಿಕಾರ ಇಲ್ಲಿ ರೂಪಕವಾಗಿ ಉಳಿಯದೆ, ರಂಗದ ಮೇಲೆ ಪ್ರತಿಕ್ಷಣವೂ ನಡೆಯುವ ಸಂಗತಿಯಾಗುತ್ತದೆ.

ಇಂದು ಡೀಪ್‌ಫೇಕ್ ತಂತ್ರಜ್ಞಾನ ಬದುಕಿರುವವರ, ತೀರಿಕೊಂಡವರ ಮುಖಗಳಿಂದ ಅವರು ಆಡದ ಮಾತನ್ನು ಆಡಿಸುತ್ತಿದೆ. ಅಲ್ಲಿನ ಬಿಂಬ ಸುಳ್ಳನ್ನೇ ಹೇಳುವುದು ಹೆಚ್ಚು. ಮಂಜುಳೆಯ ಬಿಂಬ ಸತ್ಯವನ್ನು ಹೇಳಿತು. ಈ ವ್ಯತ್ಯಾಸವನ್ನು ವಿವೇಚಿಸಲು ಭಾಷಾ ರಾಜಕಾರಣದ ಪರಿಭಾಷೆಯಾಗಲಿ ಮನೋವಿಜ್ಞಾನದ ಪರಿಭಾಷೆಯಾಗಲಿ ಸಾಲದು. ಅದಕ್ಕೆ ಬೇಕಾದ ಪಠ್ಯ ಕನ್ನಡದಲ್ಲಿ 2005ರಿಂದಲೇ ಇದೆ. ಅದನ್ನು ಯಂತ್ರದ ಕಡೆಯಿಂದ ಓದುವ ಕೆಲಸವನ್ನು ನಮ್ಮ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ.