ಕರೆಗೆ ಓಗೊಡುವವರು ಯಾರು?

ಕಳೆದ ವಾರ ಸಂಜೆಯ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಬಂದು, "ಫಾದರ್, ಮಗಳ ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಇದೆ. ಇದು ನಮ್ಮ ವಿಶ್ವಾಸಕ್ಕೆ ವಿರುದ್ಧವಲ್ಲವೇ?" ಎಂದು ಕೇಳಿದರು. ಮಗಳು ಅದನ್ನು ಏಕೆ ಹಾಕಿಕೊಂಡಳೆಂದು ವಿಚಾರಿಸಿದಿರಾ ಎಂದೆ. ಅವರು ವಿಚಾರಿಸಿರಲಿಲ್ಲ.

ಆ ತಾಯಿಯ ಪ್ರಶ್ನೆ ಅನುಚಿತವೇನಲ್ಲ. ಉಸಿರನ್ನು ಗಮನಿಸುತ್ತ ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ 'ಮೈಂಡ್‌ಫುಲ್‌ನೆಸ್' ಅಭ್ಯಾಸ ಬೌದ್ಧ ಮೂಲದ್ದು. ಆದರೆ ಆತ್ಮಹತ್ಯೆಯ ಯೋಚನೆಗೆ ಸಿಲುಕಿದವರ ಚಿಕಿತ್ಸೆಗೆ ಅದನ್ನು ಅಳವಡಿಸಿದ ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲೈನಹನ್ ಕಥೋಲಿಕರಾಗಿ ಬೆಳೆದವರು. ಹದಿನೇಳನೆಯ ವಯಸ್ಸಿನಲ್ಲಿ, 1961ರಲ್ಲಿ, ತಾವೇ ಬದುಕು ಬೇಡವಾಗಿ ಮಾನಸಿಕ ಚಿಕಿತ್ಸಾಲಯ ಸೇರಿದ್ದರು. ಅದನ್ನು ಲೋಕದ ಮುಂದೆ ಹೇಳಿದ್ದು 2011ರಲ್ಲಿ. ಅವರಿಗೆ ಝೆನ್ ಧ್ಯಾನ ಕಲಿಸಿದವರಲ್ಲಿ ವಿಲ್ಲಿಗಿಸ್ ಯೇಗರ್ ಎಂಬ ಬೆನೆಡಿಕ್ಟೈನ್ ಗುರುಗಳೂ ಇದ್ದರು. (ಆ ಗುರುಗಳ ಬೋಧನೆಗೆ ಮುಂದೆ ರೋಮಿನಿಂದ ನಿರ್ಬಂಧ ಬಂದುದನ್ನು ಮುಚ್ಚಿಡಲಾರೆ.)

ಲೈನಹನ್ ಅವರ ಚಿಕಿತ್ಸಾ ಪದ್ಧತಿಯನ್ನೇ ಆಧರಿಸಿ ಆಸ್ಟ್ರೇಲಿಯದ ಬ್ಲ್ಯಾಕ್ ಡಾಗ್ ಸಂಸ್ಥೆಯವರು 'ಲೈಫ್‌ಬಾಯ್' ಎಂಬ ಆ್ಯಪ್ ರೂಪಿಸಿದರು. ಸಾಬೂನಲ್ಲ, ಮುಳುಗುವವರಿಗೆ ಎಸೆಯುವ ತೇಲುವ ಬಳೆ. 18ರಿಂದ 25 ವರ್ಷದ 455 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬೇರೊಂದು ಸಾಮಾನ್ಯ ಆ್ಯಪ್ ಪಡೆದವರಿಗಿಂತ ಇದನ್ನು ಪಡೆದವರಲ್ಲಿ ಸಾವಿನ ಯೋಚನೆ ಹೆಚ್ಚು ತಗ್ಗಿತ್ತು. ಖಿನ್ನತೆ, ಆತಂಕಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂತರ ಕಾಣಲಿಲ್ಲ. ಇದನ್ನು ಅಲ್ಪ ಲಾಭವೆಂದು ತಳ್ಳಿಹಾಕಲಾಗದು. ಕರಾಳ ರಾತ್ರಿಯೊಂದನ್ನು ದಾಟಿಸಿದರೂ ಅದು ಉಪಕಾರವೇ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಲೈನಹನ್ ಅವರ ಮೂಲ ಚಿಕಿತ್ಸೆಯಲ್ಲಿಯೂ ದೂರವಾಣಿಗೆ ಸ್ಥಾನವಿತ್ತು: ಸಂಕಟದ ಹೊತ್ತಿನಲ್ಲಿ ರೋಗಿಯು ಕರೆ ಮಾಡಿದರೆ ಅತ್ತ ಕಡೆ ಅವಳನ್ನು ಬಲ್ಲ ಚಿಕಿತ್ಸಕರು ಓಗೊಡುತ್ತಿದ್ದರು. ಆ್ಯಪ್ ಅಭ್ಯಾಸವನ್ನು ಉಳಿಸಿಕೊಂಡಿತು, ಓಗೊಡುವವರನ್ನು ಬಿಟ್ಟಿತು. ತನ್ನ ಉಸಿರನ್ನು ತಾನು ಗಮನಿಸುವುದು ಒಂದು. ಮತ್ತೊಬ್ಬರ ಗಮನಕ್ಕೆ ಪಾತ್ರಳಾಗುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಕಲಿಸಬಲ್ಲದು.

ನಮ್ಮ ಕುಟುಂಬಗಳು ಈ ಮಾತೆತ್ತಲು ಹಿಂಜರಿಯುವುದಕ್ಕೆ ಹಳೆಯ ಭಯವೂ ಕಾರಣ. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ 1917ರ ಧರ್ಮಸಭೆಯ ನ್ಯಾಯಸಂಹಿತೆ ಅಂತ್ಯಸಂಸ್ಕಾರ ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ವಿಧಿ ಇಲ್ಲ. ತೀವ್ರ ಮಾನಸಿಕ ಕ್ಲೇಶ ಹೊಣೆಗಾರಿಕೆಯನ್ನು ಕುಗ್ಗಿಸುತ್ತದೆಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. "ಸಾಯಬೇಕೆನಿಸುತ್ತದೆಯೇ, ಮಗಳೇ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದೂ ತಪ್ಪು ಕಲ್ಪನೆಯೆಂದು ವೈದ್ಯರು ಸ್ಪಷ್ಟಪಡಿಸಿದ್ದಾರೆ.

ಕೇಳಿದ ಮೇಲೆ ಏನು ಮಾಡಬೇಕೆಂದು ತೋಚದಿದ್ದರೆ, 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿರುವ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಕರೆ ಮಾಡಬಹುದು. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ದೇವಾಲಯದ ಸೂಚನಾಫಲಕದಲ್ಲಿ, ವಿವಾಹ ಪ್ರಕಟಣೆಗಳ ಪಕ್ಕದಲ್ಲಿ, ಅಂಟಿಸಿದ್ದೇನೆ.