ಕಂಪೆನಿಗಳ ಲೆಕ್ಕವೂ ಲೋಕದ ಹಿತವೂ

ಮೂರು ತಿಂಗಳಿಗೊಮ್ಮೆ ಇಲೆಕ್ಟ್ರಾನಿಕ್ ಸಿಟಿಯಿಂದ ಹೊರಡುವ ಲಾಭನಷ್ಟದ ತಃಖ್ತೆಗಳನ್ನು ಷೇರುಪೇಟೆಯವರು ಯುಗಾದಿಯ ಪಂಚಾಂಗದಂತೆ ಶ್ರದ್ಧೆಯಿಂದ ಆಲಿಸುತ್ತಾರೆ. ಕಳೆದುದರ ಲೆಕ್ಕಕ್ಕಿಂತ ಬರಲಿರುವುದರ ಅಂದಾಜಿಗೇ ಅಲ್ಲಿ ಬೆಲೆ ಹೆಚ್ಚು. 2003ರ ಏಪ್ರಿಲಿನಲ್ಲಿ ಇನ್ಫೋಸಿಸ್ ಕಂಪೆನಿಯ ಅಂದಾಜು ಪೇಟೆಯ ನಿರೀಕ್ಷೆಯನ್ನು ಮುಟ್ಟಲಿಲ್ಲವೆಂದು ಅದರ ಷೇರು ಒಂದೇ ದಿನ ಕಾಲುಭಾಗಕ್ಕೂ ಮಿಕ್ಕು ಕುಸಿಯಿತು. 2013ರ ಏಪ್ರಿಲಿನಲ್ಲಿ ಮತ್ತೊಮ್ಮೆ ನೂರಕ್ಕೆ 20ಕ್ಕಿಂತ ಹೆಚ್ಚು ಇಳಿಯಿತು. ಆ ಎರಡು ಸಲವೂ ಕಂಪೆನಿಗೆ ನಷ್ಟವಾಗಿರಲಿಲ್ಲ. ಆಸೆ ಮಾತ್ರ ಕುಗ್ಗಿತ್ತು.

ಆದರೆ ಈ ಕಾಗದಗಳು ಷೇರುದಾರರೊಬ್ಬರ ಸ್ವತ್ತಲ್ಲ. ಸರ್ಕಾರವು ಕಂಪೆನಿಯ ವರಮಾನದ ಅಂದಾಜಿನ ಮೇಲೆಯೇ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೆಯ ತಾರೀಖಿನೊಳಗೆ ಮುಂಗಡ ತೆರಿಗೆಯನ್ನು ಪಡೆಯುತ್ತದೆ. ಕಾರ್ಮಿಕನ ಬೋನಸ್ಸು ನೂರಕ್ಕೆ 8.33ರಲ್ಲಿ ನಿಲ್ಲಬೇಕೇ, 20ರವರೆಗೆ ಏರಬೇಕೇ ಎಂಬುದಕ್ಕೆ ಆಧಾರ ಕಂಪೆನಿಯ ಲಾಭದ ಲೆಕ್ಕವೇ. ಸಾಮಾನು ಒದಗಿಸುವ ಸಣ್ಣ ಕಾರ್ಖಾನೆಯವನೂ ತನ್ನ ಬಾಕಿ ಬರುವುದೋ ಇಲ್ಲವೋ ಎಂಬುದನ್ನು ಅಲ್ಲಿಯೇ ಅರಸಬೇಕು.

ಇಲ್ಲಿ ನಾವು ಒಂದು ವೈಷಮ್ಯವನ್ನು ಕಾಣುತ್ತೇವೆ. ಪೀಣ್ಯದ ಲೇತ್ ಯಂತ್ರದ ಯಜಮಾನನಿಗೆ ಬ್ಯಾಂಕು ನಾಯಕ್ ಸಮಿತಿಯ ಸೂತ್ರದಂತೆ, ಬರುವ ವರ್ಷದ ಅಂದಾಜು ವಹಿವಾಟಿನ ಐದರಲ್ಲೊಂದು ಭಾಗವನ್ನು ದುಡಿಮೆಯ ಬಂಡವಾಳವಾಗಿ ಕೊಡುತ್ತದೆ. ಆ ಅಂದಾಜು ತಪ್ಪಿದರೆ ಮರುವರ್ಷ ಅವನ ಸಾಲದ ಮಿತಿಗೆ ಕತ್ತರಿ ಬೀಳುವ ಭಯ. ದೊಡ್ಡ ಕಂಪೆನಿಯ ಅಂದಾಜಾದರೋ, ಇದಕ್ಕೆ ನಾವು ಬದ್ಧರಲ್ಲವೆಂಬ ಎಚ್ಚರಿಕೆಯ ವಾಕ್ಯವನ್ನು ಕಟ್ಟಿಕೊಂಡೇ ಹೊರಡುತ್ತದೆ. ಬಡವನ ಮಾತು ಪತ್ರವಾಗುವುದು, ಬಲ್ಲಿದನ ಪತ್ರ ಬರಿಯ ಮಾತಾಗುವುದು ನ್ಯಾಯವೆ?

ಅಂದಾಜು ಹಾಗಿರಲಿ, ಆದುದರ ಲೆಕ್ಕವನ್ನಾದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರೇ, ತಾವು ತೋರಿಸಿದ್ದ ನಗದಿನಲ್ಲಿ 5,000 ಕೋಟಿ ರೂಪಾಯಿಗೂ ಮೀರಿದ ಮೊತ್ತ ಸುಳ್ಳೆಂದು ಬರೆದುಕೊಟ್ಟರು. ಆ ಲೆಕ್ಕಗಳಿಗೆ ಪರಿಶೋಧಕರ ರುಜುವೂ ಇದ್ದಿತು! ಆದುದರಿಂದ ಓದುವ ಕಣ್ಣುಗಳು ಹೆಚ್ಚಿದಷ್ಟೂ ಕ್ಷೇಮ.

ಷೇರುಪೇಟೆಯಲ್ಲಿ ನೋಂದಾದ ಕಂಪೆನಿಗಳು ತಮ್ಮ ಫಲಿತಾಂಶವನ್ನು ಪ್ರಾಂತದ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕೆಂದು 2015ರ ಸೆಬಿ ನಿಯಮವು ವಿಧಿಸಿತು. ಅದು ಪತ್ರಿಕೆಗಳಿಗೆ ಮಾಡಿದ ಉಪಕಾರವಲ್ಲ, ಜನರಿಗೆ ಸಲ್ಲಬೇಕಾದ ಹಕ್ಕು. ಆದರೆ ಕನ್ನಡದಲ್ಲಿ ಅಚ್ಚಾಗುವುದು ಅಂಕಿಗಳ ಕಿರುಪಟ್ಟಿ. ಅಂದಾಜೂ ಅದರ ಕಾರಣಗಳೂ ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಕಂಪೆನಿಗಳು ಅವುಗಳ ಸಾರವನ್ನು ತಿಳಿಗನ್ನಡದಲ್ಲಿ ಕೊಡಲಿ.

ನಮ್ಮವರೂ ಸುಮ್ಮನಿರಬಾರದು. 2006ರ ಸಣ್ಣ ಉದ್ಯಮಗಳ ಶಾಸನವು ಹಣ ಪಾವತಿಗೆ 45 ದಿನಗಳ ಮೇರೆಯನ್ನು ಹಾಕಿದೆ. ಸಣ್ಣ ಉದ್ಯಮಗಳಿಗೆ ಸಲ್ಲದೆ ಉಳಿದ ಬಾಕಿಯನ್ನು ವಾರ್ಷಿಕ ಲೆಕ್ಕದಲ್ಲಿ ಬೇರೆಯಾಗಿ ತೋರಿಸಬೇಕೆಂದೂ ಆಜ್ಞಾಪಿಸಿದೆ. ಪೀಣ್ಯದ ಉದ್ಯಮಿಗಳು ಆ ಒಂದು ಸಾಲನ್ನು ತಪ್ಪದೆ ಓದಲಿ; ಕಾರ್ಮಿಕ ಮುಖಂಡರು ಅಢಾವೆ ಪತ್ರಿಕೆಯನ್ನು ಓದಬಲ್ಲವರನ್ನು ಜೊತೆಗಿಟ್ಟುಕೊಂಡೇ ಬೋನಸ್ಸಿನ ಮಾತುಕತೆಗೆ ಹೋಗಲಿ. ಲೆಕ್ಕ ಕೇಳುವವರಿದ್ದಲ್ಲಿಯೇ ಲೆಕ್ಕ ನೆಟ್ಟಗಿರುತ್ತದೆ.