ಎತ್ತರದ ಗಾಲಿ, ಎರೆಯ ಹಾದಿ

ದೊಡ್ಡ ಗಾಲಿಯ ಗುಣವನ್ನು ಗದಗ ಸೀಮೆಯ ಜನರಿಗೆ ಮೋಟಾರು ಕಾರ್ಖಾನೆಯವರು ಬಂದು ಹೇಳಿಕೊಡಬೇಕಾದುದಿಲ್ಲ. ಎರೆಹೊಲದ ಹಾದಿಯಲ್ಲಿ ತಲೆಮಾರುಗಳಿಂದ ಓಡಾಡಿದ ಚಕ್ಕಡಿಯ ಗಾಲಿ ನಾಲ್ಕು–ಐದು ಅಡಿ ಎತ್ತರದ್ದು. ಅದನ್ನು ಕಡೆದು ಕೂಡಿಸಿದ ಬಡಿಗನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಗಾಲಿ ಹಿರಿದಾದಷ್ಟೂ ಕುಣಿಯಲ್ಲಿ ಇಳಿಯುವುದು ಕಡಿಮೆ, ಕಲ್ಲನ್ನು ಏರುವುದು ಸುಲಭ, ಎತ್ತಿನ ಹೆಗಲ ಮೇಲಿನ ಎಳೆತ ಹಗುರ ಎಂಬುದನ್ನು ಅವನು ಚೆನ್ನಾಗಿ ಬಲ್ಲನು. ಕಣಿಕೆಯನ್ನು ಮುಗಿಲೆತ್ತರಕ್ಕೆ ಹೇರಿದ ಚಕ್ಕಡಿ ಓರೆಯಾದ ಬದುವಿನ ಮೇಲೆ ಮಗುಚಿಕೊಳ್ಳುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು.

ಈಗ ಅದೇ ವಿಷಯ ಹೊಸ ವೇಷದಲ್ಲಿ ಮನೆಯ ಪಡಸಾಲೆಗೆ ಬಂದಿದೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ತಲುಪಿಸುವ ಜೀಪಿನ ಜಾತಿಯ ವಾಹನಗಳು ಇಂದು ಬೇಟೆಗಾರರಿಗೂ ಸೈನ್ಯಕ್ಕೂ ಮೀಸಲಾಗಿ ಉಳಿದಿಲ್ಲ. ಮಹೀಂದ್ರದ ಥಾರ್, ಫೋರ್ಸ್ ಸಂಸ್ಥೆಯ ಗೂರ್ಖಾ, 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿಯ ಜಿಮ್ನಿ ಇವೆಲ್ಲ ಸಂಸಾರವಂದಿಗರ ವಾಹನಗಳಾಗಿವೆ. ಕೊಂಡು ಆರು ತಿಂಗಳಾಗುವುದರೊಳಗೆ ಮನೆಯ ಮಗನ ಬೇಡಿಕೆ ಮುಂದೆ ಬರುತ್ತದೆ: ಇನ್ನೂ ದೊಡ್ಡ ಟೈರು ಬೇಕು, ಸ್ಪ್ರಿಂಗುಗಳನ್ನು ಎರಡು ಅಂಗುಲ ಎತ್ತರಿಸಬೇಕು. ತಂದೆ ಖರ್ಚೆಷ್ಟು ಎಂದು ಕೇಳುತ್ತಾನೆ. ಅಜ್ಜಿ ಹತ್ತುವುದು ಹೇಗೆ ಎಂದು ಕೇಳುತ್ತಾಳೆ. (ಈ ಎರಡರಲ್ಲಿ ಅಜ್ಜಿಯ ಪ್ರಶ್ನೆಯೇ ಹೆಚ್ಚು ತೂಕದ್ದು.)

ಎತ್ತರಿಸುವುದೆಂದರೆ ಏನನ್ನು ಎತ್ತರಿಸುವುದು ಎಂಬುದನ್ನು ಮೊದಲು ತಿಳಿಯಬೇಕು. ಸ್ಪ್ರಿಂಗು ನೀಳವಾದರೆ ಮೇಲೇರುವುದು ವಾಹನದ ಒಡಲು ಮಾತ್ರ. ಎರಡು ಗಾಲಿಗಳನ್ನು ಅಡ್ಡಲಾಗಿ ಬಂಧಿಸಿರುವ ಇಡಿಯ ಅಚ್ಚು, ಅದರ ನಡುವೆ ಕುಂಬಳದಂತೆ ಉಬ್ಬಿರುವ ಡಿಫರೆನ್ಷಿಯಲ್ ಪೆಟ್ಟಿಗೆ, ಇವು ಇದ್ದಲ್ಲಿಯೇ ಇರುತ್ತವೆ. ಚಕ್ಕಡಿದಾರಿಯ ಎರಡು ಗಾಲಿಪಡಿಗಳ ನಡುವಿನ ದಿಣ್ಣೆಗೆ ಮೊದಲು ತಗಲುವುದು ಈ ಪೆಟ್ಟಿಗೆಯೇ. ಅದನ್ನು ಮೇಲೆತ್ತಬಲ್ಲುದು ಟೈರೊಂದೇ. ಹಾಗಾದರೆ ಸ್ಪ್ರಿಂಗನ್ನು ಬದಲಿಸುವುದೇಕೆ? ದೊಡ್ಡ ಟೈರು ತಿರುಗುವಾಗಲೂ ಮೇಲಕ್ಕೆ ನೆಗೆಯುವಾಗಲೂ ಒಡಲಿನ ತಗಡಿಗೆ ಉಜ್ಜದಿರಲೆಂದು. ಅಂದರೆ ಸ್ಪ್ರಿಂಗಿನ ಕೆಲಸ ಹೆಚ್ಚಿನ ಮಟ್ಟಿಗೆ ಟೈರಿಗೆ ಜಾಗ ಮಾಡಿಕೊಡುವುದು. ಎತ್ತರಿಸಿ ಹಳೆಯ ಟೈರನ್ನೇ ಉಳಿಸಿಕೊಂಡವನು ಏಣಿಯ ಮೇಲೆ ಕುರ್ಚಿ ಇಟ್ಟು ಕುಳಿತವನಂತೆ. ನೋಟ ಹಿರಿದಾಯಿತು, ಕಾಲು ಅಲ್ಲಿಯೇ ಉಳಿಯಿತು.

ಅಂಕಿಗಳಲ್ಲಿ ಹೇಳುವುದಾದರೆ, ಜಿಮ್ನಿಗೆ ಕಾರ್ಖಾನೆ ಕೊಡುವ ಟೈರು 195/80 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಪಕ್ಕೆಯ ಎತ್ತರ ಎಂಬುದು. ಕೊನೆಯದು ಒಳಗಿನ ಉಕ್ಕಿನ ಚಕ್ರದ ಅಡ್ಡಳತೆ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಇಡೀ ಗಾಲಿಯ ಎತ್ತರ 693 ಮಿಲಿಮೀಟರು. ಇದಕ್ಕೆ ಬದಲಾಗಿ 235/75 ಆರ್ 15 ಹಾಕಿದರೆ ಎತ್ತರ 733 ದಾಟುತ್ತದೆ. ವ್ಯತ್ಯಾಸ 40 ಮಿಲಿಮೀಟರು. ಆದರೆ ಅಚ್ಚು ಇರುವುದು ಗಾಲಿಯ ನಡುವಿನಲ್ಲಿ. ಆದ್ದರಿಂದ ಅದು ಏರುವುದು ಇದರ ಅರ್ಧ, 20 ಮಿಲಿಮೀಟರು. ಒಂದು ಅಂಗುಲವೂ ಆಗಲಿಲ್ಲ. ಕಂಪನಿ ಹೇಳುವ 210 ಮಿಲಿಮೀಟರಿನ ನೆಲದಂತರ 230 ಆಯಿತು.

ಈ ಇಪ್ಪತ್ತು ಮಿಲಿಮೀಟರಿಗೆ ತೆರಬೇಕಾದ ಬೆಲೆಯೇ ಮುಖ್ಯವಾದ ವಿಷಯ. ಗಾಲಿಯ ಸುತ್ತಳತೆ ನೂರಕ್ಕೆ ಆರರಷ್ಟು ಹೆಚ್ಚಿದ್ದರಿಂದ ವೇಗದ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಮುಳ್ಳು 80 ತೋರಿಸುವಾಗ ವಾಹನ 85ರ ಹತ್ತಿರ ಓಡುತ್ತಿರುತ್ತದೆ. ಎಂಜಿನ್ನಿಗೆ ಪ್ರತಿಯೊಂದು ಗೇರೂ ಅಷ್ಟರಮಟ್ಟಿಗೆ ಭಾರವಾಗುತ್ತದೆ. ಕೆಸರಿನಲ್ಲಿ ಮೆಲ್ಲನೆ ತೆವಳುವುದಕ್ಕೆಂದೇ ಇರುವ ಕೆಳಗೇರೂ ತನ್ನ ಹಿಡಿತವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ. ಬ್ರೇಕು ಮೊದಲಿನದೇ, ಆದರೆ ಅದು ತಡೆಯಬೇಕಾದ ಗಾಲಿ ಹಿರಿದು, ತೂಕವೂ ಹೆಚ್ಚು. ಸ್ಪ್ರಿಂಗು ಎತ್ತರವಾದಾಗ ಮುಂದಿನ ಅಚ್ಚು ಹಿಂದಕ್ಕೆ ಹೊಂದಿದ್ದ ಓರೆ ಕಡಿಮೆಯಾಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಗ್ಗುತ್ತದೆ. ಅಚ್ಚನ್ನು ಅಡ್ಡಲಾಗಿ ಹಿಡಿದಿರುವ ಸರಳು ಅದನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ. ಎಂಜಿನ್ನಿನಿಂದ ಅಚ್ಚಿಗೆ ಹೋಗುವ ದಂಡದ ಕೀಲುಗಳು ಹೆಚ್ಚು ಬಾಗಿ ಬೇಗ ಸವೆಯುತ್ತವೆ. ಬ್ರೇಕಿನ ಎಣ್ಣೆ ಹರಿಯುವ ರಬ್ಬರಿನ ಕೊಳವೆಯ ಉದ್ದವನ್ನು ನೋಡದೆ ಎತ್ತರಿಸಿದರೆ, ಗಾಲಿ ಗುಂಡಿಗೆ ಇಳಿದು ಅಚ್ಚು ಕೆಳಗೆ ಜೋತಾಗ ಅದು ಬಿಗಿದು ಹರಿಯಲೂಬಹುದು. ಇವಕ್ಕೆಲ್ಲ ಪರಿಹಾರವಿಲ್ಲವೆಂದಲ್ಲ: ಓರೆ ಸರಿಪಡಿಸುವ ಬುಷ್ಷುಗಳು, ಹೊಂದಿಸಬಲ್ಲ ಸರಳು, ಉದ್ದನೆಯ ಷಾಕ್ ಅಬ್ಸಾರ್ಬರುಗಳು, ನೀಳವಾದ ಕೊಳವೆ ಎಲ್ಲವೂ ಉಂಟು. ಆದರೆ ಎತ್ತರಿಸುವ ಕೆಲಸವೆಂದರೆ ಇವೆಲ್ಲವೂ ಒಟ್ಟಾಗಿ. ಸ್ಪ್ರಿಂಗಿನ ಕೆಳಗೆ ಅಗ್ಗದ ರಬ್ಬರಿನ ಬಿಲ್ಲೆಯೊಂದನ್ನು ತುರುಕಿ ಕೈತೊಳೆದುಕೊಳ್ಳುವುದು ಆ ಕೆಲಸವಲ್ಲ.

ವಾಲುವ ಭಯ ಇನ್ನೊಂದು. ವಾಹನ ಎಷ್ಟು ಬೇಗ ಮಗುಚುವುದೆಂಬುದು ಎರಡು ಅಳತೆಗಳ ಕೈಯಲ್ಲಿದೆ: ಗಾಲಿಗಳ ನಡುವಣ ಅಂತರದ ಅರ್ಧ, ಮತ್ತು ತೂಕದ ಕೇಂದ್ರದ ಎತ್ತರ. ಎಣಿಕೆಗಾಗಿ ಎರಡೂ 70 ಸೆಂಟಿಮೀಟರು ಎನ್ನೋಣ. ಕೇಂದ್ರವನ್ನು 76ಕ್ಕೆ ಏರಿಸಿದರೆ ತಿರುವಿನಲ್ಲಿ ತಡೆದು ನಿಲ್ಲುವ ಶಕ್ತಿ ನೂರಕ್ಕೆ ಎಂಟರಷ್ಟು ಕುಂದಿತು. ಮೇಲೆ ಸಾಮಾನಿನ ಜಾಲರಿ, ಅದರ ಮೇಲೊಂದು ಹೆಚ್ಚುವರಿ ಗಾಲಿ ಇಟ್ಟರೆ ಇನ್ನಷ್ಟು. ಗದಗಿನಿಂದ ಹುಬ್ಬಳ್ಳಿಗೂ ಕೊಪ್ಪಳಕ್ಕೂ ಹೋಗುವ ರಾಷ್ಟ್ರೀಯ ಹೆದ್ದಾರಿ 67ರ ಮೇಲೆ, ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡುವಾಗ, ಎದುರಿಗೆ ಫಕ್ಕನೆ ಎಮ್ಮೆಯೊಂದು ಬಂದರೆ ಸ್ಟೀರಿಂಗ್ ತಿರುಗಿಸುವ ಕೈಗೆ ಬೇಕಾಗುವುದು ಈ ಎಂಟೇ.

ಇಷ್ಟನ್ನು ತೆತ್ತ ಮೇಲಾದರೂ ಎರೆ ಸೋಲುತ್ತದೆಯೇ? ಗದಗ-ಬೆಟಗೇರಿಯ ಸುತ್ತಣ ಕಪ್ಪು ನೆಲದ ಸ್ವಭಾವವೇ ಬೇರೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಜೇಡಿಯ ಅಂಶ ಅದರಲ್ಲಿ ಹೇರಳ. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಟೈರಿನ ಹಲ್ಲುಗಳ ನಡುವೆಲ್ಲ ಮಣ್ಣು ಮೆತ್ತಿಕೊಂಡು, ಎಷ್ಟು ಬೆಲೆಯ ಟೈರೇ ಆಗಲಿ, ನುಣುಪಾದ ಉರುಳೆಯಾಗುತ್ತದೆ. ಹಲ್ಲುಗಳ ಸಂದು ಅಗಲವಾಗಿದ್ದರೆ ತಿರುಗುವ ರಭಸಕ್ಕೆ ಮಣ್ಣು ಸಿಡಿದುಹೋಗುತ್ತದೆ. ಅಂಥ ಟೈರೇ ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಮಳೆಯಲ್ಲಿ ಜಾರುತ್ತದೆ, ಬೇಗ ಸವೆಯುತ್ತದೆ. ವರ್ಷದ ಹನ್ನೊಂದು ತಿಂಗಳು ಡಾಂಬರಿನ ಮೇಲೆ ಓಡುವ ಸಂಸಾರಕ್ಕೆ ಇದು ಒಪ್ಪುವ ವ್ಯಾಪಾರವಲ್ಲ.

ಇಲ್ಲೊಂದು ಗುಟ್ಟುಂಟು. ಗಾಲಿ ನೆಲವನ್ನು ಅದುಮುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಗಾಳಿಯ ಒತ್ತಡಕ್ಕೆ ಸಮ. ದೊಡ್ಡ ಟೈರಿಗೆ ಮೊದಲಿನಷ್ಟೇ ಗಾಳಿ ತುಂಬಿದರೆ ನೆಲದ ಮೇಲಿನ ಒತ್ತಡ ಬಹಳವೇನೂ ತಗ್ಗದು. ಅದೇ ಇದ್ದ ಟೈರಿನಿಂದ ಗಾಳಿಯನ್ನು 30 ಪೌಂಡಿನಿಂದ 18ಕ್ಕೆ ಇಳಿಸಿದರೆ ನೆಲವನ್ನು ತಬ್ಬುವ ಪಾದ ಒಂದೂವರೆ ಪಟ್ಟಿನ ಹತ್ತಿರ ಹಿಗ್ಗುತ್ತದೆ, ಹೂಳುವುದು ಕಡಿಮೆಯಾಗುತ್ತದೆ. ಖರ್ಚು ಸೊನ್ನೆ. ನಿಧಾನವಾಗಿ ಓಡಿಸಬೇಕು, ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು. ಅದಕ್ಕೊಂದು ಸಣ್ಣ ಗಾಳಿಯಂತ್ರ ಜೊತೆಗಿದ್ದರೆ ಸಾಕು. ಹೊಲದ ಬೇಲಿಯ ಬಳ್ಳಾರಿ ಜಾಲಿಯ ಮುಳ್ಳು ಮಾತ್ರ ಮೆತ್ತನೆಯ ಟೈರಿನ ಪಕ್ಕೆಗೆ ವೈರಿ, ಕಣ್ಣಿಟ್ಟು ನಡೆಸಬೇಕು.

ಶಿರಹಟ್ಟಿ, ಮುಂಡರಗಿಯ ಕಡೆ ನೆಲ ಮಸಾರಿಗೆ ತಿರುಗಿ, ಕಲ್ಲು ಮೇಲೇಳುತ್ತದೆ. ಎತ್ತರದ ಗಾಲಿ ನಿಜವಾಗಿ ಸಾರ್ಥಕವಾಗುವುದು ಇಂಥಲ್ಲಿ. ಆದರೆ ಕಣ್ಣು ಸೆಳೆಯುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರು. ಔಷಧದ ಗಿಡಮೂಲಿಕೆಗಳಿಗೆ ಹೆಸರಾದ ಆ ಗುಡ್ಡದ ಮೈಯನ್ನು ಜೀಪಿನ ಹಲ್ಲಿನಿಂದ ಉಳುವುದಕ್ಕೆ ಅನುಮತಿಯೂ ಇಲ್ಲ, ಅದು ಮನುಷ್ಯರು ಮಾಡುವ ಕೆಲಸವೂ ಅಲ್ಲ.

ಕಾನೂನಿನ ಮಾತು ಚಿಕ್ಕದು, ಕಟುವಾದದ್ದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದ ದಿನ ವಿಮೆಯವರು ಇದನ್ನೇ ಮುಂದೊಡ್ಡಿ ತಕರಾರು ತೆಗೆಯಬಹುದು. ಆಗ ಎರಡಂಗುಲದ ಬೆಲೆ ಲಕ್ಷಗಳಲ್ಲಿ ತಿಳಿಯುತ್ತದೆ.

ಆದುದರಿಂದ ಹಣ ಹಾಕುವುದಾದರೆ ಕಾರ್ಖಾನೆಯ ಅಳತೆಯಲ್ಲಿಯೇ ಗಟ್ಟಿ ಪಕ್ಕೆಯ, ಮಣ್ಣಿಗೂ ಡಾಂಬರಿಗೂ ಸಲ್ಲುವ ಒಳ್ಳೆಯ ಟೈರಿಗೆ ಹಾಕುವುದು ಲೇಸು. ಸವೆದ ಷಾಕ್ ಅಬ್ಸಾರ್ಬರುಗಳನ್ನು ಬದಲಿಸುವುದು ಅದರ ನಂತರ. ಎಳೆಯುವ ಹಗ್ಗವೊಂದು, ಗುದ್ದಲಿಯೊಂದು ಹಿಂದೆ ಇರಲಿ. ಹೊಲದಿಂದ ಮರಳಿ ಲಕ್ಷ್ಮೇಶ್ವರದ ಡಾಂಬರು ರಸ್ತೆಯನ್ನು ಮುಟ್ಟಿ ವೇಗ ಹೆಚ್ಚಿಸಿದೊಡನೆ ಸ್ಟೀರಿಂಗ್ ಗಡಗಡ ನಡುಗಿದರೆ ಗಾಬರಿಯಿಂದ ಗ್ಯಾರೇಜಿಗೆ ಓಡಬೇಕಾದುದಿಲ್ಲ. ನೂರರಲ್ಲಿ ತೊಂಬತ್ತು ಸಲ ಉಕ್ಕಿನ ಚಕ್ರದ ಒಳಮಗ್ಗುಲಲ್ಲಿ ಒಂದು ಹೆಂಟೆ ಎರೆಮಣ್ಣು ಅಂಟಿ ಒಣಗಿರುತ್ತದೆ. ಅದನ್ನು ಕೋಲಿನಿಂದ ಕೆರೆದು, ಒಂದು ಕೊಡ ನೀರು ಹೊಯ್ದರೆ ನಡುಕ ನಿಲ್ಲುತ್ತದೆ.